ಮಸೂತಿ ಡಬ್ಬಿಯ ಓಟ, ಗೌಸಬಿಯ ಹರವಿ

ಇಂಡಿ ಪಟ್ಟಣದ ನಿಂಬೆಹಣ್ಣಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಯಾಕೂಬಸಾಬನ ರಿಪೇರಿ ಅಂಗಡಿ ಇದೆ. ರೇಡಿಯೋ ಕಾಲದಲ್ಲಿ ರೇಡಿಯೋ, ಟೇಪಿನ ಕಾಲದಲ್ಲಿ ಟೇಪು, ಈಗ ಮೊಬೈಲು. ಮೂವತ್ತು ವರ್ಷದಲ್ಲಿ ಅವನು ಬಿಚ್ಚದ ಸಾಮಾನು ಊರಲ್ಲಿ ಉಳಿದಿಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಕೂಡಿಸಿದನೇ ಎಂಬುದು ಬೇರೆ ಪ್ರಶ್ನೆ. ಅದನ್ನು ಗಿರಾಕಿಗಳು ಅವನ ಮುಂದೆ ಎತ್ತುವುದಿಲ್ಲ, ಯಾಕೆಂದರೆ ಮನುಷ್ಯ ಒಳ್ಳೆಯವನು. ಕೆಟ್ಟ ಮಿಕ್ಸರನ್ನೂ ಅವನು "ಇದರಾಗ ಏನಾಗೈತಿ ನೋಡೂಣು" ಎಂದು ಎಷ್ಟು ಆಸೆಯಿಂದ ಕೈಗೆ ತೆಗೆದುಕೊಳ್ಳುತ್ತಾನೆಂದರೆ, ಕೊಟ್ಟವರಿಗೆ ವಾಪಸು ಕೇಳಲು ಮನಸ್ಸೇ ಬರುವುದಿಲ್ಲ.

ಅವನ ಜೀವಮಾನದ ದೊಡ್ಡ ಕೆಲಸವೆಂದರೆ ಮಸೂತಿಯ ಡಬ್ಬಿ. ಇಸ್ಪೀಟಿನ ಕಟ್ಟಿನಷ್ಟು ದೊಡ್ಡ ಒಂದು ಬೋರ್ಡು. ಅದರಲ್ಲಿ ಇಡೀ ಕಂಪ್ಯೂಟರೇ ಅಡಗಿದೆ ಎಂದರೆ ಓಣಿಯ ಹಿರಿಯರು ಇವತ್ತಿಗೂ ನಂಬುವುದಿಲ್ಲ. ಅದನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿ ಕೂರಿಸಿ, ಮಸೂತಿಯ ಪಕ್ಕದ ಕೋಣೆಯಲ್ಲಿಟ್ಟು, ಮಾಳಿಗೆಯ ಭೋಂಗಾಕ್ಕೆ, ಅಂದರೆ ಸೈರನ್ನಿಗೆ, ವಾಯರು ಎಳೆದಿದ್ದ. ರಂಜಾನಿನಲ್ಲಿ ದಿನಕ್ಕೆ ಎರಡು ಸಲ, ನಸುಕಿನ ಊಟ ಸಹರಿ ಮುಗಿಯುವಾಗ ಒಮ್ಮೆ, ಸಂಜೆ ರೋಜಾದ ಉಪವಾಸ ಬಿಡುವಾಗ ಒಮ್ಮೆ, ಆ ಡಬ್ಬಿ ಯಾರ ಕೈಯೂ ತಾಗದೆ ಭೋಂಗಾ ಹೊಡೆಯುತ್ತಿತ್ತು. ಎರಡು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ. ಸರಿಯಾಗಿ ನಡೆಯುವ ಸಾಮಾನನ್ನು ಸುಮ್ಮನೆ ಬಿಡುವುದು ಯಾಕೂಬಸಾಬನ ಜಾಯಮಾನದಲ್ಲಿ ಇಲ್ಲ ಎಂಬುದೊಂದೇ ಆ ಡಬ್ಬಿಗಿದ್ದ ಕಂಟಕ.

ಬೆಂಕಿ ಹಚ್ಚಿದವನು ಅವನ ಹೆಂಡತಿ ಮೆಹರುನ್ನಿಸಾಳ ತಮ್ಮ, ಮುದ್ದೇಬಿಹಾಳದ ಜುಲ್ಫಿಕರ. ಅವನದೂ ರಿಪೇರಿ ಅಂಗಡಿಯೇ. ರಿಪೇರಿಯವರ ವಾಟ್ಸಾಪ್ ಗುಂಪಿನಲ್ಲಿ ಅವನು ಒಂದು ಫೋಟೋ ಹಾಕಿದ. ಅವನ ಹತ್ತಿರವೂ ಅಂಥದೇ ಬೋರ್ಡು. ಅದರ ತಾಕತ್ತು ಅಳೆಯುವ ಪರೀಕ್ಷೆಯೊಂದಿದೆ, ಬೆಂಚ್‌ಮಾರ್ಕ್ ಎನ್ನುತ್ತಾರೆ. ಬೋರ್ಡಿಗೆ ಕಷ್ಟದ ಲೆಕ್ಕಗಳನ್ನು ಕೊಟ್ಟು ಎಷ್ಟು ಬೇಗ ಮಾಡಿತೆಂದು ನೋಡಿ ಕೊನೆಗೆ ಒಂದು ಅಂಕಿ ಕೊಡುತ್ತದೆ. ಜುಲ್ಫಿಕರನ ಅಂಕಿ ಎರಡು ಸಾವಿರದ ನಾನೂರ ಐವತ್ತು. ಕೆಳಗೆ ಬರೆದಿದ್ದ: "ಭಾವಾ, ಮಸೂತಿ ಬೋರ್ಡಿಂದು ಎಷ್ಟ ಬರ್ತೈತಿ?"

ಯಾಕೂಬಸಾಬ ನೋಡಿದ. ಸಾವಿರದ ಎಂಟುನೂರ ಹನ್ನೆರಡು ಬಂತು. ಮತ್ತೆ ಮಾಡಿದ. ಹನ್ನೆರಡು ಹೋಗಿ ಹನ್ನೊಂದು ಬಂತು.

ಮುದ್ದೇಬಿಹಾಳದ ಮುಂದೆ ಇಂಡಿ ಆರುನೂರು ಕಡಿಮೆ. ಒಬ್ಬ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ರೋಜಾ ಹಿಡಿಯಬಹುದು?

ಜುಲ್ಫಿಕರನ ಗುಟ್ಟು ಎರಡೇ ದಿನದಲ್ಲಿ ಪತ್ತೆಯಾಯಿತು. ಬೋರ್ಡಿನ ಒಳಗಿನ ಒಂದು ಕಡತದಲ್ಲಿ ಅದರ ಓಟದ ಮಿತಿ ಬರೆದಿರುತ್ತದೆ. ಆ ಒಂದು ಅಂಕಿ ಏರಿಸಿದರೆ ಬೋರ್ಡು ಮೊದಲಿಗಿಂತ ಜೋರಾಗಿ ಓಡುತ್ತದೆ, ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಏರಿಸಿದ. ಓಡಿತು. ಆದರೆ ಮಾರ್ಚಿ ತಿಂಗಳ ಇಂಡಿಯ ಬಿಸಿಲಿಗೆ ಬೋರ್ಡು ಎಂಬತ್ತೆರಡು ಡಿಗ್ರಿಗೆ ಕಾದು, ಎಲ್ಲಿ ಸುಟ್ಟು ಹೋಗುತ್ತೇನೋ ಎಂದು ತಾನೇ ಓಟ ಕಡಿಮೆ ಮಾಡಿಕೊಂಡಿತು. ಅಂಕಿ ಮತ್ತೆ ಸಾವಿರದ ಒಂಬೈನೂರಕ್ಕೆ ನಿಂತಿತು. ತಣ್ಣಗಿಡಬೇಕು. ಫ್ಯಾನು ಹಚ್ಚಿದ, ಅದು ಬಿಸಿ ಗಾಳಿಯನ್ನೇ ಬೀಸಿತು.

ಈ ನಾಡಿನಲ್ಲಿ ಬೇಸಿಗೆಯಲ್ಲಿ ಒಂದು ಸಾಮಾನು ತಣ್ಣಗಿರಬೇಕೆಂದರೆ ಏನು ಮಾಡುತ್ತಾರೆಂದು ಯಾಕೂಬಸಾಬನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಗೆ ಹೋಗಿ ಅಡುಗೆಮನೆಯ ಮೂಲೆಯಿಂದ ಕುಡಿಯುವ ನೀರಿನ ಮಣ್ಣಿನ ಹರವಿ ಎತ್ತಿದ. ಅದು ಅವನ ತಾಯಿ ಗೌಸಬಿಯ ಹರವಿ. ಎಂಬತ್ತೆರಡರ ಮುದುಕಿ, ಕಿವಿ ಮಂದ. ಫ್ರಿಜ್ಜಿನ ನೀರು ಹಲ್ಲಿಗೆ ಝುಂ ಎನ್ನುತ್ತದೆ ಎಂದು ಮುಟ್ಟುತ್ತಿರಲಿಲ್ಲ.

"ಎರಡ ದಿನ ಅಷ್ಟ, ಅವ್ವಾ," ಎಂದ.

ಗೌಸಬಿ ಹರವಿಯನ್ನು ನೋಡಿದಳು, ಮಗನನ್ನು ನೋಡಿದಳು, ಏನೋ ಅಂದಳು. ಅಷ್ಟರಲ್ಲಿ ಜುಲ್ಫಿಕರನ ಇನ್ನೊಂದು ಸಂದೇಶ ಬಂದದ್ದರಿಂದ ಯಾಕೂಬಸಾಬನ ಕಣ್ಣು ಮೊಬೈಲಿಗೆ ಹೋಯಿತು.

ಮಸೂತಿಯ ಕೋಣೆಯಲ್ಲಿ ಹರವಿಗೆ ನೀರು ತುಂಬಿ, ಒದ್ದೆ ಗೋಣಿಚೀಲ ಸುತ್ತಿ, ಅದರ ಹೊಟ್ಟೆಗೆ ಒಂದು ತಾಮ್ರದ ತಗಡು ಒತ್ತಿ, ತಗಡಿಗೆ ಬೋರ್ಡು ಕಟ್ಟಿದ. ಐವತ್ತನಾಲ್ಕು ಡಿಗ್ರಿ. ಅಂಕಿ ಎರಡು ಸಾವಿರದ ಐನೂರ ಮೂವತ್ತು. ಫೋಟೋ ಹಾಕಿದ. ಜುಲ್ಫಿಕರ ಇಡೀ ದಿನ ಉತ್ತರ ಕೊಡಲಿಲ್ಲ. ಎರಡು ದಿನಕ್ಕೆಂದು ತಂದ ಹರವಿ ಅಲ್ಲಿಯೇ ಉಳಿಯಿತು.

ಸುಮ್ಮನಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗೆದ್ದವನು ಸುಮ್ಮನಿರುವುದು ಲೋಕದಲ್ಲಿ ಎಲ್ಲಿದೆ? ಹರವಿ ತಂದ ಹತ್ತನೆಯ ದಿನ ಮಧ್ಯಾಹ್ನದ ನಮಾಜು ಮುಗಿಸಿ ಮಸೂತಿಯ ಕಟ್ಟೆಯ ಮೇಲೆ ಕುಳಿತವರ ಮುಂದೆ ಯಾಕೂಬಸಾಬ ಗಂಟಲು ಸರಿಮಾಡಿಕೊಂಡ.

"ನಮ್ಮ ಡಬ್ಬಿ ಈಗ ಮೊದಲಿನಕಿಂತ ಒಂದೂವರೆ ಪಟ್ಟು ಜೋರ ಓಡಾಕತ್ತೈತ್ರಿ. ಜಿಲ್ಲಾದಾಗ ಹಿಂಥಾ ಡಬ್ಬಿ ಎಲ್ಲೂ ಇಲ್ಲ."

ಜಮಾತಿನ ಅಧ್ಯಕ್ಷ ಅಪ್ಪಾಸಾಬರು ತಲೆಯಾಡಿಸಿದರು. ಅವರು ಯಾವ ಮಾತಿಗಾದರೂ ಮೊದಲು ತಲೆಯಾಡಿಸಿ ಆಮೇಲೆ ಯೋಚಿಸುವವರು. ಯೋಚಿಸುತ್ತ ಹೋದಂತೆ ತಲೆ ನಿಂತಿತು.

"ಯಾಕೂಬ. ಭೋಂಗಾ ಹೊಡಿಯೂ ಡಬ್ಬಿನ ಅಲ್ಲಾ ಅದು?"

"ಹೌದ್ರಿ."

"ಟೈಮ್ ನೋಡೂದು ಅದ?"

"ಹೌದ್ರಿ."

"ಅದು ಜೋರ ಓಡಾಕತ್ತೈತಿ."

"ಹೌ..." ಎಂದ ಯಾಕೂಬಸಾಬ, ಮತ್ತು ಅರ್ಧಕ್ಕೆ ನಿಂತ.

ಕಟ್ಟೆಯ ಮೇಲೆ ಹದಿನಾಲ್ಕು ಜನರಿದ್ದರು. ಹದಿನಾಲ್ಕು ಜನವೂ ಒಂಬತ್ತು ದಿನದ ರೋಜಾವನ್ನು ಆ ಭೋಂಗಾ ಕೇಳಿಯೇ ಬಿಟ್ಟಿದ್ದರು. ಡಬ್ಬಿ ಮುಂದೆ ಓಡಿದ್ದರೆ ಭೋಂಗಾ ಮುಂಚೆ ಹೊಡೆದಿದೆ, ಭೋಂಗಾ ಮುಂಚೆ ಹೊಡೆದಿದ್ದರೆ ಸೂರ್ಯ ಇನ್ನೂ ಮೇಲಿರುವಾಗಲೇ ಖರ್ಜೂರ ಬಾಯಿಗೆ ಹೋಗಿದೆ, ಒಂಬತ್ತೂ ರೋಜಾ ಕೆಟ್ಟಿವೆ. ಇಷ್ಟು ವಿಚಾರ ಒಂದೇ ಹೊತ್ತಿಗೆ ಹದಿನಾಲ್ಕು ತಲೆಯಲ್ಲಿ ನಡೆಯಿತು.

ಎದುರಿನ ಜಗಲಿಯಲ್ಲಿ ಪೇಪರು ಓದುತ್ತಿದ್ದ ಪರಸಪ್ಪ ಎದ್ದು ಬಂದ. ಆಲಮಟ್ಟಿಯ ಕಾಲುವೆಯಲ್ಲಿ ತಾಸಿಗೊಮ್ಮೆ ನೀರಿನ ಮಟ್ಟ ಬರೆದು ನಿವೃತ್ತನಾದವನು. ವೇಳೆಯ ವಿಷಯ ಬಂದರೆ ತನ್ನನ್ನು ಕೇಳದೆ ಮುಂದೆ ಹೋಗಬಾರದೆಂದು ತಿಳಿದವನು.

"ಲೆಕ್ಕಾ ಹಾಕೂಣು," ಎಂದು ಪೇಪರಿನ ಅಂಚಿನ ಮೇಲೆ ಬರೆದ. "ಮುಂಜಾನೆ ಐದೂಕಾಲಕ್ಕ ರೋಜಾ ಚಾಲೂ. ಸಂಜಿ ಆರು ಮೂವತ್ತೆಂಟಕ್ಕ ಮುಗೀತೈತಿ. ಒಂದೂವರೆ ಪಟ್ಟು ಜೋರ ಅಂದ್ರ, ಭೋಂಗಾ ಮಧ್ಯಾಹ್ನ ಎರಡು ಹತ್ತಕ್ಕ ಹೊಡೀಬೇಕು."

"ಎರಡು ಹತ್ತಕ್ಕ ಹೊಡದಿಲ್ಲಲ್ಲ," ಎಂದ ಯಾಕೂಬಸಾಬ ಜೀವ ಬಂದವನಂತೆ.

"ಹೊಡದಿಲ್ಲ," ಪರಸಪ್ಪ ಒಪ್ಪಿದ. "ಹಂಗಂದ್ರ ಪೂರಾ ಒಂದೂವರೆ ಪಟ್ಟು ಆಗಿಲ್ಲ. ಎರಡ ಮೂರ ನಿಮಿಷರ ಆಗಿರಬೇಕು."

ಹೀಗೆ ಎರಡು ಮೂರು ನಿಮಿಷ ಎಂಬುದು ಓಣಿಯಲ್ಲಿ ಸಿದ್ಧಾಂತವಾಯಿತು. ಎಲ್ಲರ ಕಿಸೆಯಲ್ಲೂ ಮೊಬೈಲು ಇದೆ, ಅದರಲ್ಲಿ ವೇಳೆ ಇದೆ, ಯಾರೂ ನೋಡಲಿಲ್ಲವೇ ಎಂದು ನೀವು ಕೇಳಬಹುದು. ರೋಜಾ ಬಿಡುವ ಹೊತ್ತಿನಲ್ಲಿ ಮನುಷ್ಯನ ಕಣ್ಣು ಮೊಬೈಲಿನ ಮೇಲೆ ಇರುವುದಿಲ್ಲ, ಖರ್ಜೂರದ ಮೇಲೆ ಇರುತ್ತದೆ.

ಯಾಕೂಬಸಾಬ ಕೋಣೆಯೊಳಗೆ ಓಡಿದ. ಗಾಬರಿಯಲ್ಲಿ ಮನುಷ್ಯ ಮಾಡಬಾರದ ಕೆಲಸವನ್ನೇ ಮೊದಲು ಮಾಡುತ್ತಾನೆ. ಓಟದ ಅಂಕಿಯನ್ನು ಮೊದಲಿನ ಹಾಗೆ ಇಳಿಸಿ, ಬೋರ್ಡು ಬಂದ್ ಮಾಡಿ, ಮತ್ತೆ ಚಾಲೂ ಮಾಡಿದ. ಅಂದು ಸಂಜೆ ಭೋಂಗಾ ಹೊಡೆದಾಗ ಊರವರೆಲ್ಲ ಮೊಬೈಲು ಹಿಡಿದೇ ಕುಳಿತಿದ್ದರು. ಆರು ಮೂವತ್ತೆಂಟು. ಒಂದು ಸೆಕೆಂಡು ಹೆಚ್ಚುಕಡಿಮೆ ಇಲ್ಲ.

"ಇವತ್ತ ಸರಿ ಐತಿ," ಎಂದರು ಅಪ್ಪಾಸಾಬರು. "ಇಳಿಸಿದ ಮ್ಯಾಲೆ ಸರಿ ಇರ್ತೈತಿ. ನಿನ್ನಿತನ ಹೆಂಗಿತ್ತು?"

ನಿನ್ನೆಯತನಕ ಹೇಗಿತ್ತೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಯಾಕೂಬಸಾಬ ತಾನೇ ಅಳಿಸಿ ಹಾಕಿದ್ದ. ಮತ್ತೆ ಏರಿಸಿ ನೋಡುತ್ತೇನೆ ಎಂದದ್ದಕ್ಕೆ ಅಪ್ಪಾಸಾಬರು ಕೋಣೆಗೆ ಕೀಲಿ ಜಡಿದು, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. "ಹಬ್ಬ ಮುಗಿಯೂತನ ಆ ಡಬ್ಬಿಗೆ ನಿನ್ನ ಕೈ ಹತ್ತಬಾರದು."

ಮನೆಯಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕುಳಿತಿತ್ತು. ಗೌಸಬಿ ಗೋಡೆಗೆ ಒರಗಿ ಕೂತಿದ್ದಳು. ಹನ್ನೆರಡನೆಯ ವಯಸ್ಸಿನಿಂದ ರೋಜಾ ಹಿಡಿದವಳು, ಹೆರಿಗೆ ಬೇನೆಗಳಲ್ಲಿ ಬಿಟ್ಟದ್ದನ್ನೂ ಆಮೇಲೆ ಲೆಕ್ಕವಿಟ್ಟು ತೀರಿಸಿದವಳು ಎಂದು ಓಣಿಯಲ್ಲಿ ಹೆಸರು.

"ಎಷ್ಟ ದಿನ ಜೋರ ಓಡಿಸಿದಿ?" ಎಂದು ಕೇಳಿದಳು.

"ಒಂಬತ್ತ, ಅವ್ವಾ."

"ಹಂಗಾದ್ರ ಹಬ್ಬ ಆದ ಮ್ಯಾಲೆ ಒಂಬತ್ತ ರೋಜಾ ಮತ್ತ ಹಿಡೀತೇನಿ."

ಹಬ್ಬವಾದ ಮೇಲೆ ಎಂದರೆ ಏಪ್ರಿಲ್ಲಿನ ಬಿಸಿಲು. ಈ ವರ್ಷ ರೋಜಾವೇ ಬೇಡ, ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಕೈಮುಗಿದು ಹೇಳಿದ್ದರು. ಅವಳು ಕಿವಿ ಕೇಳದವಳ ಹಾಗೆ ಎದ್ದು ಬಂದಿದ್ದಳು. ಮೂವತ್ತೇ ಅವಳಿಗೆ ಭಾರ, ಅದರ ಮೇಲೆ ಒಂಬತ್ತು. ಜುಲ್ಫಿಕರನ ಅಂಕಿಯನ್ನು ಎಂಬತ್ತರಿಂದ ಹಿಂದೆ ಹಾಕಿದ್ದಕ್ಕೆ ತಾಯಿಯ ಜೀವವನ್ನು ಪಣಕ್ಕಿಟ್ಟಂತಾಯಿತಲ್ಲ ಎಂದು ಯಾಕೂಬಸಾಬ ತನ್ನನ್ನೇ ಬೈದುಕೊಂಡ.

ಮರುದಿನ ಮಾನ ಬಿಟ್ಟು ಜುಲ್ಫಿಕರನಿಗೇ ಫೋನು ಹಚ್ಚಿದ.

"ಭಾವಾ, ಓಟ ಬ್ಯಾರೆ, ಗಡಿಯಾರ ಬ್ಯಾರೆ," ಎಂದ ಜುಲ್ಫಿಕರ. "ಬೋರ್ಡಿನಾಗ ಟೈಮ್ ನೋಡೂದು ಸಣ್ಣ ಭಾಗ ಬ್ಯಾರೆನ ಇರ್ತೈತಿ. ನೀವು ಎತ್ತಿಗೆ ಚಾಟಿ ಹೊಡದು ಓಡಿಸಿದ್ರ ಸೂರ್ಯಾ ಜೋರ ಮುಳಗ್ತಾನೇನ್ರಿ?"

ಮಾತು ಸರಿಯಾಗಿತ್ತು. ಅದನ್ನು ತಾಯಿಗೆ ಮುಟ್ಟಿಸಿದ.

"ಜುಲ್ಫಿಕರನ?" ಎಂದಳು ಗೌಸಬಿ. "ಅವಾ ತನ್ನ ಲಗ್ನಕ್ಕ ಎರಡ ತಾಸು ತಡಾ ಮಾಡಿ ಬಂದಾಂವ. ಟೈಮಿನ ಮಾತ ಅವನಿಂದ ಕೇಳ್ಲಿ ನಾ?"

ಆಗ ಪರಸಪ್ಪ ಮನೆಗೇ ಬಂದು ತನ್ನ ಕೈಗಡಿಯಾರ ಮುಂದಿಟ್ಟ. ಒಂಬತ್ತೂ ದಿನ ಭೋಂಗಾ ಹೊಡೆದಾಗ ತನ್ನ ಗಡಿಯಾರ ನೋಡಿದ್ದೇನೆ, ಮೂವತ್ತು ವರ್ಷದ ಅಭ್ಯಾಸ, ಎರಡೂ ಕೂಡಿಯೇ ಇದ್ದವು ಎಂದು ಮೂರು ಮನೆಯವರ ಎದುರಿಗೆ ಸಾಕ್ಷಿ ಹೇಳಿದ. ಯಾಕೂಬಸಾಬ ಅವನ ಕೈ ಹಿಡಿದುಕೊಂಡ. ಆದರೆ ಅಡುಗೆಮನೆಯಿಂದ ಮೆಹರುನ್ನಿಸಾ ಒಂದು ಪ್ರಶ್ನೆ ಕೇಳಿದಳು.

"ನಿಮ್ಮ ಗಡಿಯಾರಕ್ಕ ಟೈಮ್ ಎದರ ಮ್ಯಾಲೆ ಕೂಡಸ್ತೀರಿ, ಪರಸಪ್ಪಣ್ಣಾರ?"

"ಭೋಂಗಾದ ಮ್ಯಾಲೆ," ಎಂದ ಪರಸಪ್ಪ ಹೆಮ್ಮೆಯಿಂದ. "ದಿನಾ ಸಂಜಿ ಕೂಡಸ್ತೇನಿ. ಒಂದ ದಿನಾ ತಪ್ಪಿಸಿಲ್ಲ."

ಪರಸಪ್ಪ ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡು ಪೇಪರು ಓದಲು ಹೋದ.

ಊರವರ ಪಾಲಿನ ದುಗುಡವನ್ನು ಮಸೂತಿಯ ಮೌಲ್ವಿ ಹಜರತ್ತರು ಇಳಿಸಿದರು. ಅವರು ಈ ಮಾತು ಎದ್ದ ದಿನ ಮುಂಜಾನೆಯಷ್ಟೇ ಎರಡು ದಿನದ ಮಟ್ಟಿಗೆ ಸಿಂದಗಿಗೆ ಹೋಗಿದ್ದರು, ಬಂದು ಕೇಳಿ ನಕ್ಕರು. "ನಮಾಜಿನ ಬಾಂಗು ಕೊಡಾಂವ ನಾನು. ದಿನಾ ನನ್ನ ಮೊಬೈಲ್ ನೋಡಿ, ಅಚ್ಚಾದ ಟೈಮಿನ ಹಾಳಿ ನೋಡಿ ಕೊಡ್ತೇನಿ. ಭೋಂಗಾ ಎಂದೂ ಮುಂಚೆ ಹೊಡದಿಲ್ಲ. ಹೊಡದಿದ್ರ ನಾ ಸುಮ್ಮ ಇರ್ತಿದ್ನೇನು?" ಕಟ್ಟೆಯ ಹದಿನಾಲ್ಕು ಜನ ಹಗುರಾದರು. ಯಾಕೂಬಸಾಬ ಮನೆಗೆ ಓಡಿ ಬಂದು ತಾಯಿಯ ಕಿವಿಯ ಹತ್ತಿರ ಜೋರಾಗಿ ಹೇಳಿದ.

"ಹಜರತ್ತರು ಮಸೂತ್ಯಾಗ ಇರ್ತಾರ, ನಾ ಮನ್ಯಾಗ ಇರ್ತೇನಿ," ಎಂದಳು ಗೌಸಬಿ. "ಮಸೂತ್ಯಾಗಿಂದು ಅವರು ಹೇಳಿದ್ರು. ಮನ್ಯಾಗ ನಾ ಯಾವಾಗ ಬಿಟ್ಟೇನಿ ಅಂತ ಹೇಳಾವ್ರ ಯಾರು? ಒಂಬತ್ತ ಅಂದ್ರ ಒಂಬತ್ತ."

ಇಲ್ಲಿ ಯಾಕೂಬಸಾಬನಿಗೆ ಮೊದಲ ಸಲ ಹೊಳೆಯಿತು. ಅವ್ವನಿಗೆ ಕಿವಿ ಮಂದ. ಮಿಕ್ಸರು ಕೇಳದವಳಿಗೆ ಎರಡು ಓಣಿಯಾಚೆಯ ಭೋಂಗಾ ಹೇಗೆ ಕೇಳುತ್ತದೆ? ಅವಳು ರೋಜಾ ಬಿಡುವುದು ಏನು ನೋಡಿ? ಹಾಳಾದ ಮಿಕ್ಸರು ಕೈಗೆ ಬಂದಾಗಿನ ಆಸೆ ಅವನ ಮುಖದಲ್ಲಿ ಕಾಣಿಸಿತು. ಹೆಂಡತಿಯನ್ನು ಕೇಳಿದ.

"ನನಗೇನ ಗೊತ್ರಿ," ಎಂದಳು ಮೆಹರುನ್ನಿಸಾ. "ಆ ಹೊತ್ತಿಗೆ ನಾ ಭಜಿ ಕರೀತಿರ್ತೇನಿ. ಅತ್ತಿಯವರು ಕಿಡಕ್ಯಾಗಿಂದ ಶೇವಂತೆವ್ವನ ಮನಿ ಕಡೆ ನೋಡಕೋತ ಕುಂತಿರ್ತಾರ."

ಶೇವಂತೆವ್ವ ಎದುರು ಮನೆಯವಳು, ಗೌಸಬಿಗಿಂತ ಹತ್ತು ವರ್ಷ ಚಿಕ್ಕವಳು. ಯಾಕೂಬಸಾಬ ಹೋಗಿ ಕೇಳಿದ.

"ಸಂಜಿ ಮುಂದ ನಾ ಬಾಗಲ ಬಾಜೂಕ ಗ್ವಾಡಿ ಮಾಡದಾಗ ದೀಪಾ ಹಚ್ಚತೇನಲ್ಲೋ," ಎಂದಳು ಶೇವಂತೆವ್ವ. "ದೀಪಾ ಕಂಡ ಕೂಡ್ಲೆ ಗೌಸಕ್ಕ ನೀರ ಕುಡೀತಾಳ. ಇಪ್ಪತ್ತ ವರ್ಷ ಆತು. ರಂಜಾನದಾಗ ನಾ ಊರ ಬಿಟ್ಟ ಹೋಗೂದಿಲ್ಲ ಅದಕ್ಕ."

"ನೀವು ಯಾವಾಗ ಹಚ್ಚತೀರಿ, ಚಿಗವ್ವಾ? ಭೋಂಗಾ ಕೇಳೇನು?" ಎಂದ ಯಾಕೂಬಸಾಬ. ಭೋಂಗಾ ಎಂದಳೆಂದರೆ ಮುಗಿಯಿತು, ಪರಸಪ್ಪನ ಗಡಿಯಾರದ ಗತಿಯೇ ಇದಕ್ಕೂ.

"ಭೋಂಗಾದ ಉಸಾಬರಿ ನನಗ್ಯಾಕೋ? ಕಾಳಪ್ಪನ ಆಡು ಓಣ್ಯಾಗ ಬಂದಾಗ ಹಚ್ಚತೇನಿ."

ಕಾಳಪ್ಪ ಓಣಿಯ ತುದಿಯವನು. ಎಪ್ಪತ್ತು ದಾಟಿದರೂ ದಿನಾ ಅಗರಖೇಡದ ದಾರಿಗೆ ಇಪ್ಪತ್ತು ಆಡು ಹೊಡೆದುಕೊಂಡು ಹೋಗುತ್ತಾನೆ. ಅವನ ಹತ್ತಿರ ಗಡಿಯಾರವೂ ಇಲ್ಲ, ಮೊಬೈಲೂ ಇಲ್ಲ. ಯಾಕೂಬಸಾಬ ಬಿಸಿಲಲ್ಲಿ ಅವನನ್ನು ಹುಡುಕಿಕೊಂಡು ಹೋದ. ಊರು ದಾಟಿ, ಒಂದು ಬನ್ನಿಗಿಡದ ಬುಡದಲ್ಲಿ ಸಿಕ್ಕ.

"ಆಡು ಯಾವಾಗ ತಿರುಗಸ್ತಿ, ಕಾಕಾ?"

"ಹೊತ್ತ ಮುಳುಗಿದ ಮ್ಯಾಲೆ."

"ಅದು ನಿನಗ ಹೆಂಗ ಗೊತ್ತಾಗ್ತೈತಿ?"

ಕಾಳಪ್ಪ ಮುಂಗೈ ಮುಂದೆ ಚಾಚಿದ. "ಇದರ ಮ್ಯಾಗಿನ ಕೂದಲಾ ಕಾಣವಲ್ದಂಗ ಆದ್ರ ಹೊತ್ತ ಮುಳುಗಿತು ಅಂತ ಲೆಕ್ಕ. ಬೇಕಾದ್ರ ನೀನ ನೋಡು, ಕುಂದರು."

ಯಾಕೂಬಸಾಬ ಕುಳಿತ. ಅವನ ಜೀವಮಾನದ ನಿಜವಾದ ಬೆಂಚ್‌ಮಾರ್ಕ್ ಆ ಸಂಜೆ ಆ ಗಿಡದ ಬುಡದಲ್ಲಿ ನಡೆಯಿತು. ಒಂದು ಕೈಯಲ್ಲಿ ಮೊಬೈಲು, ಕಣ್ಣು ಕಾಳಪ್ಪನ ಮುಂಗೈ ಮೇಲೆ. ಆರು ಮೂವತ್ತೇಳಕ್ಕೆ ಸೂರ್ಯ ಇಳಿದ. ಕಾಳಪ್ಪ ಅಲುಗಲಿಲ್ಲ. ಮೂವತ್ತೆಂಟಕ್ಕೆ ದೂರದಿಂದ ಭೋಂಗಾ ಕೇಳಿತು. ಕಾಳಪ್ಪ ಅಲುಗಲಿಲ್ಲ. ನಲವತ್ತೆರಡಕ್ಕೆ ಒಮ್ಮೆ ಮುಂಗೈ ನೋಡಿ, "ಇನ್ನೂ ಕಾಣತಾವ," ಎಂದ. ಯಾಕೂಬಸಾಬನಿಗೂ ಕಾಣುತ್ತಿದ್ದವು, ಬೆಳ್ಳಗೆ, ಒಂದೊಂದೂ ಬಿಡಿಬಿಡಿಯಾಗಿ. ನಲವತ್ತೊಂಬತ್ತಕ್ಕೆ ಕಾಳಪ್ಪ ಎದ್ದು ಆಡುಗಳಿಗೆ ಸೀಟಿ ಹಾಕಿದ.

ಭೋಂಗಾಕ್ಕಿಂತ ಹನ್ನೊಂದು ನಿಮಿಷ ತಡ. ಆಡು ಓಣಿಗೆ ಮುಟ್ಟಲು ಇನ್ನೂ ಹತ್ತು. ಇಪ್ಪತ್ತು ವರ್ಷದಿಂದ ಇಡೀ ಇಂಡಿಯಲ್ಲಿ ಎಲ್ಲರಿಗಿಂತ ಕೊನೆಗೆ ರೋಜಾ ಬಿಡುವವಳು ಅವನ ತಾಯಿ. ಯಾಕೂಬಸಾಬನಿಗೆ ಖುಷಿಗೆ ಕಣ್ಣು ತುಂಬಿ ಬಂದವು. ಆಗಲೇ ನೆನಪಾಯಿತು, ತಾನೂ ಇನ್ನೂ ಏನೂ ಬಾಯಿಗೆ ಹಾಕಿಲ್ಲ, ಕಿಸೆಯಲ್ಲಿ ಒಂದು ಖರ್ಜೂರವೂ ಇಲ್ಲ.

"ರೋಜಾ ಬಿಟ್ಟಿಲ್ಲೇನೋ ನೀ?" ಎಂದ ಕಾಳಪ್ಪ, ಹೆಗಲಿನಿಂದ ಬಾಟಲಿ ಇಳಿಸಿ. ಅದಕ್ಕೆ ಒದ್ದೆ ಗೋಣಿತಟ್ಟು ಹೊಲಿದಿತ್ತು. "ಕುಡಿ."

ನೀರು ತಣ್ಣಗಿತ್ತು. ಗಂಟಲಿನಿಂದ ಹೊಟ್ಟೆಯತನಕ ಅದು ಇಳಿಯುವ ದಾರಿ ಗೊತ್ತಾಯಿತು. ಇಷ್ಟು ಒಳ್ಳೆಯ ನೀರು ಕುಡಿದು ಎಷ್ಟು ದಿನವಾಯಿತೆಂದು ಯೋಚಿಸಿದ. ಉತ್ತರ ಸಿಗಲಿಲ್ಲ, ಯಾಕೆಂದರೆ ಮನೆಯಲ್ಲಿ ಅವನು ಫ್ರಿಜ್ಜಿನದು ಕುಡಿಯುವವನು.

ಆಡುಗಳ ಜೊತೆಯಲ್ಲೇ ಓಣಿಗೆ ಬಂದ. ಶೇವಂತೆವ್ವ ದೀಪ ಹಚ್ಚಿದಳು. ಕಿಟಕಿಯಲ್ಲಿ ಗೌಸಬಿ ಸ್ಟೀಲಿನ ಗ್ಲಾಸು ಎತ್ತಿದಳು. ಯಾಕೂಬಸಾಬ ಒಳಗೆ ಹೋಗಿ, ಏದುಸಿರಿನಲ್ಲೇ ಆಡು, ದೀಪ, ಮುಂಗೈ ಕೂದಲು ಎಲ್ಲವನ್ನೂ ಹೇಳಿದ. "ನೀ ಭೋಂಗಾ ಕೇಳಿ ಬಿಟ್ಟೇ ಇಲ್ಲ, ಅವ್ವಾ. ಒಂಬತ್ತ ರೋಜಾ ಬ್ಯಾಡ."

"ಗೊತ್ತೈತಿ," ಎಂದಳು ಗೌಸಬಿ.

"ಗೊತ್ತೈತಿ?"

"ಇಪ್ಪತ್ತ ವರ್ಷದಿಂದ ಶೇವಂತಿ ದೀಪಾ ನೋಡಾಕತ್ತೇನಿ. ನನಗ ಗೊತ್ತಿರೂದಿಲ್ಲೇನು?"

"ಮತ್ತ ಒಂಬತ್ತ ರೋಜಾ ಯಾಕಂದಿ?"

ಗೌಸಬಿ ಕೈಯಲ್ಲಿದ್ದ ಗ್ಲಾಸು ಅವನ ಮುಂದೆ ಚಾಚಿದಳು. ಯಾಕೂಬಸಾಬ ಒಂದು ಗುಟುಕು ಕುಡಿದ. ಹಗಲೆಲ್ಲ ಕೊಡದಲ್ಲಿ ಕಾದ ನೀರು, ಉಗುರುಬೆಚ್ಚಗಿತ್ತು, ಸ್ಟೀಲಿನ ವಾಸನೆ.

"ಹದಿಮೂರ ತಾಸು ಉಪಾಸ ಇದ್ದು ಇದನ್ನ ಕುಡೀತೇನಿ," ಎಂದಳು. "ಎರಡ ದಿನ ಅಂದಿದ್ದಿ. ಆವತ್ತಿಗೆ ಒಂಬತ್ತ ದಿನಾ ಆದ್ರೂ ಹರವಿ ಬರಲಿಲ್ಲ. ದಿನಕ್ಕೊಂದ ರೋಜಾ ಹಚ್ಚಿದೆ."

"ಬಾಯಿ ಬಿಟ್ಟ ಹೇಳಬಾರದಿತ್ತಾ, ಅವ್ವಾ?"

"ಒಯ್ಯೂವಾಗನ ಹೇಳಿದ್ದೆ. ನೀ ಮೊಬೈಲ್ ನೋಡಾಕತ್ತಿದ್ದಿ. ರೋಜಾದ ಮಾತ ಬಂದ ಮ್ಯಾಲೆ ನೋಡು, ಮೂರ ದಿನದಿಂದ ನನ್ನ ಹಿಂದ ಹಿಂದ ತಿರಗಾಕತ್ತಿ."

ಯಾಕೂಬಸಾಬನಿಗೆ ನಾಚಿಕೆಯಾಯಿತು. ತಾನು ಏನು ಬಿಚ್ಚಿದರೂ ಮನೆಯಲ್ಲಿ ಏನು ಕೆಟ್ಟಿದೆ ಎಂದು ನೋಡಿರಲಿಲ್ಲ. ಎದುರಿಗಿದ್ದ ಭಜಿಯನ್ನೂ ಮುಟ್ಟದೆ ಎದ್ದು ಅಪ್ಪಾಸಾಬರ ಮನೆಗೆ ಹೋಗಿ ಬಾಗಿಲು ಬಡಿದ.

"ಡಬ್ಬಿ ಮುಟ್ಟಬ್ಯಾಡ ಅಂದೇನಿ," ಎಂದರು ಅಪ್ಪಾಸಾಬರು ಬಾಗಿಲಲ್ಲೇ.

"ಡಬ್ಬಿ ಬ್ಯಾಡ್ರಿ. ಹರವಿ ಕೊಡ್ರಿ."

ಅಪ್ಪಾಸಾಬರು ಮೊದಲು ತಲೆಯಾಡಿಸಿ, ಆಮೇಲೆ ಯೋಚಿಸಿ, ಕೀಲಿಕೈ ಹಿಡಿದು ಜೊತೆಗೆ ಬಂದರು. ಇಸ್ಪೀಟಿನ ಕಟ್ಟಿನಷ್ಟು ಬೋರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲೇ ಕೂರಿಸುವ ತನಕ ಅವನ ಕೈಯ ಮೇಲೆಯೇ ಕಣ್ಣಿಟ್ಟಿದ್ದರು. ಯಾಕೂಬಸಾಬ ಹರವಿ ಹೆಗಲ ಮೇಲಿಟ್ಟುಕೊಂಡು ಓಣಿಯುದ್ದಕ್ಕೂ ನಡೆದ. ಪರಸಪ್ಪ ಜಗಲಿಯಿಂದ, "ಎಷ್ಟ ಬಂತು?" ಎಂದು ಕೇಳಿದ. ಅವನು ಹರವಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮುಂದೆ ನಡೆದ.

ಮರುದಿನ ಸಂಜೆ ಆಡು ಬಂದವು, ಎದುರು ಮಾಡದಲ್ಲಿ ದೀಪ ಹತ್ತಿತು. ಗೌಸಬಿ ಹರವಿಯಿಂದ ಗ್ಲಾಸು ತುಂಬಿ, ಒಂದು ಖರ್ಜೂರ ತಿಂದು, ನೀರನ್ನು ನಿಧಾನವಾಗಿ ಕುಡಿದಳು. ಭೋಂಗಾ ಕೇಳಿಯೂ ಅವಳಿಗಾಗಿ ಕಾದು ಕುಳಿತಿದ್ದ ಮಗನ ಕಡೆ ನೋಡಿದಳು.

"ಈಗ ಡಬ್ಬಿ ಅಂಕಿ ಎಷ್ಟೈತಿ?"

"ಸಾವಿರದ ಎಂಟನೂರ ಹನ್ನೆರಡು. ಮೊದಲಿನಷ್ಟ."

"ಜುಲ್ಫಿಕರಂದು?"

"ಇವತ್ತ ಎರಡ ಸಾವಿರದ ಏಳನೂರು ಹಾಕ್ಯಾನ."

ಗೌಸಬಿ ಇದನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. ಅವಳಿಗೂ ಮಗನ ಹಾಗೆಯೇ ಒಂದನ್ನು ಬಿಚ್ಚಿ ನೋಡುವ ಗುಣ.

"ನಮ್ಮದು ಭೋಂಗಾ ಹೊಡೀತೈತಿ. ಅವನ ಬೋರ್ಡು ಏನ ಮಾಡ್ತೈತಿ?"

ಯಾಕೂಬಸಾಬ ಇದನ್ನು ಎಂದೂ ಕೇಳಿರಲಿಲ್ಲ. ಬಹಳ ಯೋಚಿಸಿದ.

"ಅಂಕಿ ತೋರಸ್ತೈತಿ," ಎಂದ.

ಗೌಸಬಿ ಇನ್ನೊಂದು ಗ್ಲಾಸು ತುಂಬಿ ಅವನ ಕೈಗೆ ಕೊಟ್ಟಳು. ನೀರು ತಣ್ಣಗಿತ್ತು.